ಟ್ರೇಯಲ್ಲಿ ಉಳಿದ ಅರ್ಧ ಹೂವು

ಮರದ ಗಾಯದಿಂದ ಜಿನುಗಿದ ಅಂಟು ಕೋಟ್ಯಂತರ ವರ್ಷ ಮಣ್ಣಿನಡಿ ಉಳಿದು ಕಲ್ಲಾದರೆ ಅದೇ ಅಂಬರ್. ಅದರೊಳಗೆ ಸಿಕ್ಕಿಬಿದ್ದ, ಸಾಸಿವೆಗಿಂತ ತುಸು ದೊಡ್ಡದಾದ ಹೂಗಳನ್ನು ಓದಿ, ಎಂದೋ ಅಳಿದುಹೋದ ಉಷ್ಣವಲಯದ ಕಾಡನ್ನು ನಮ್ಮ ಕಣ್ಣಮುಂದೆ ನಿಲ್ಲಿಸಿದವರ ಸಾಲಿನಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರದು ಎದ್ದು ಕಾಣುವ ಸ್ಥಾನ. ಮೂವತ್ನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಹನ್ನೊಂದು ಹೊಸ ಹೂಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಅರ್ಧವೇ ಉಳಿದಿರುವ ಒಂದರ ಬಗ್ಗೆ ನಾನು ಬರೆಯಬೇಕಾಗಿದೆ.

ಹೊಲದ ಕೆಲಸ ಮಾಡುತ್ತಲೇ ಬೆಳೆದ ನಾನು ಅವರ ವಿದ್ಯಾರ್ಥಿಯಾಗಿ ಬಂದಾಗ ನನ್ನ ಕೈ ಒರಟು, ಕೆಲಸ ಚುರುಕು. ಅಂಬರನ್ನು ಒದ್ದೆ ಪಾಲಿಶ್ ಕಾಗದದ ಮೇಲೆ ಉಜ್ಜಿ, ಒಳಗಿನ ಹೂವು ಕಾಣುವಂತೆ ಮಾಡುವುದು ಮೊದಲ ಪಾಠ. "ಹತ್ತು ಸಲ ಉಜ್ಜು, ತೊಳೆ, ನೋಡು" ಎಂಬುದು ಮೇಡಂ ಹಾಕಿಕೊಟ್ಟ ಕ್ರಮ. ಹೊತ್ತು ಮುಳುಗುವುದರೊಳಗೆ ಸಾಲು ಮುಗಿಸಬೇಕೆನ್ನುವ ಆಳಿನಂತೆ, ನಾನೊಂದು ಮಧ್ಯಾಹ್ನ ನೋಡದೆಯೇ ಅರವತ್ತು ಸಲ ಉಜ್ಜಿಬಿಟ್ಟೆ. ತೊಳೆದು ನೋಡಿದರೆ ಐದು ಎಸಳುಗಳಲ್ಲಿ ಉಳಿದದ್ದು ಎರಡೂವರೆ. ಅಂಥ ಹೂವು ಅದುವರೆಗೆ ಸಿಕ್ಕಿದ್ದೇ ಅದೊಂದು.

"ಮೇಡಂ, ಹೂವು ಹೋಯ್ತು."

"ಎಲ್ಲಿಗೆ ಹೋಗುತ್ತಪ್ಪಾ? ಐದು ಕೋಟಿ ವರ್ಷ ಕೂತಿದ್ದು ಇವತ್ತು ಬಸ್ ಹತ್ತಿತಾ?" ಎನ್ನುತ್ತ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಉಳಿದ ಎಸಳುಗಳನ್ನು ಎರಡು ಸಲ ಎಣಿಸಿದರು.

"ನಾನು ಊರಿಗೆ ಹೋಗ್ಬಿಡ್ತೀನಿ ಮೇಡಂ."

"ಹೋಗು. ಉಳಿದಿರೋ ಅರ್ಧದ ಚಿತ್ರ ಬರೆದಿಟ್ಟು ಹೋಗು."

ಮರುದಿನ ವಿಭಾಗದ ಮುಖ್ಯಸ್ಥರು ಬಂದು, "ಯಾರ ಕೈ ಇದು? ಇವತ್ತೇ ಕಳಿಸಿ ಅವನನ್ನ" ಎಂದು ಗದರಿದರು. "ನಮ್ಮ ಕೈ ಸರ್" ಎಂದರು ಮೇಡಂ. ಚಿತ್ರ ಮುಗಿಯಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಊರಿನ ಮಾತು ತಾನಾಗಿಯೇ ಬಿದ್ದುಹೋಗಿತ್ತು. ಉಜ್ಜುವಾಗ ನಮ್ಮ ಕೈಯಿಂದ ಹೂವಿನ ಅರ್ಧ ನಾಶವಾಯಿತೆಂದು ಮೇಡಂ ಪ್ರಬಂಧದಲ್ಲೂ ಬರೆದರು. ಅದನ್ನೇ ಹಿಡಿದು ಮೇಲಿನವರು ಅವರ ಬಡ್ತಿಯನ್ನು ಎರಡು ವರ್ಷ ಮುಂದೂಡಿದರು. ನನ್ನೆದುರು ಅವರು ಒಂದು ದಿನವೂ ಬಡ್ತಿಯ ಮಾತೆತ್ತಲಿಲ್ಲ.

ಅಂದಿನಿಂದ ಹೊಸ ವಿದ್ಯಾರ್ಥಿಗಳಿಗೆ ಅವರು ಮೊದಲು ತೋರಿಸುವುದು ಆ ಅರ್ಧ ಹೂವನ್ನಿಟ್ಟ ಟ್ರೇಯನ್ನು. "ಇದು ನಾವು ಹಾಳುಮಾಡಿದ್ದು, ನೋಡ್ಕೊಳ್ಳಿ" ಎನ್ನುತ್ತಾರೆ. ಅದೇ ಕೋಣೆಯಲ್ಲಿ ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಮೇಷ್ಟ್ರಾಗಿ ಪಕ್ಕದಲ್ಲೇ ನಿಂತ ನಾನು ಇಪ್ಪತ್ತಾರು ವರ್ಷ ಸುಮ್ಮನಿದ್ದೆ. ಅವರ ಈ ಅಭಿನಂದನಾ ಸಂಪುಟದಲ್ಲಾದರೂ ಅಚ್ಚಾಗಲಿ: ಆ ಕೈ ನನ್ನದು.

ಕಿಟಕಿ ಪಕ್ಕದ ಮೇಡಂ ಅವರ ಸ್ಟೂಲನ್ನು ನಾವು ಯಾರಿಗೂ ಕೊಡುವುದಿಲ್ಲ. ಇನ್ನೂ ಉಜ್ಜದ ನಲವತ್ತು ಅಂಬರುಗಳು ಕಪಾಟಿನಲ್ಲಿವೆ. ಅವರ ಕ್ರಮದಲ್ಲೇ ಹೋದರೆ ಇಪ್ಪತ್ತು ವರ್ಷದ ಕೆಲಸ. ಅವೆಲ್ಲ ಮುಗಿಯುವಷ್ಟು ಆಯಸ್ಸು ಅವರಿಗಿರಲಿ. ಅವಸರ ಮಾತ್ರ ಯಾರಿಗೂ ಬೇಡ.