ಬೀಗರ ಎದುರು ಪ್ಯಾಕ್

ನಮ್ಮ ಭಾನುವಾರದ ಪೋಕರ್ ನಡೆಯುತ್ತಿದ್ದದ್ದು ಶಂಕರಪುರಂನಲ್ಲಿ, ಗೆಳೆಯನೊಬ್ಬನ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಊಟ ಮುಗಿಸಿ ಐದು ಜನ ಸೇರಿದರೆ ದೀಪ ಹಚ್ಚುವ ಹೊತ್ತಿಗೆ ಎದ್ದುಬಿಡಬೇಕು. ಅದು ಐದೂ ಮನೆಯ ಹೆಂಗಸರು ಹಾಕಿದ್ದ ಷರತ್ತು. ಪೋಕರ್ ಎಂದ ತಕ್ಷಣ ಮನೆಮಠ ಮಾರಿಕೊಳ್ಳುವವರು ಅಂದುಕೊಳ್ಳಬೇಡಿ. ಇಡೀ ಮಧ್ಯಾಹ್ನ ಸೋತರೂ ಒಂದು ಮಸಾಲೆ ದೋಸೆ, ಕಾಫಿಯ ದುಡ್ಡು, ಅಷ್ಟೇ. ಹೋಗುತ್ತಿದ್ದದ್ದು ಮಾನ. ಸೋತವನನ್ನು ಮುಂದಿನ ಭಾನುವಾರದವರೆಗೂ ಗೋಳು ಹೊಯ್ದುಕೊಳ್ಳುತ್ತಿದ್ದೆವು.

ಆ ಐವರಲ್ಲಿ ಒಬ್ಬ ನನ್ನ ಮೂವತ್ತು ವರ್ಷದ ಗೆಳೆಯ. ಕಾಟನ್‌ಪೇಟೆಯಲ್ಲಿ ನೂಲು, ಗುಂಡಿಗಳ ಹೋಲ್‌ಸೇಲ್ ಅಂಗಡಿ ಅವನದು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದವನು. ಅವನಷ್ಟು ಚೆನ್ನಾಗಿ ಸುಳ್ಳು ಆಡುವವನನ್ನು ನಾನು ಕಂಡಿಲ್ಲ. ಕೈಯಲ್ಲಿ ಏನೂ ಇಲ್ಲದೆ ಪಣದ ಬಿಲ್ಲೆಗಳ ರಾಶಿಯನ್ನು ಮುಂದೆ ತಳ್ಳಿ, ಕಾಫಿಪುಡಿಗೆ ಎಷ್ಟು ಚಿಕೋರಿ ಬೆರೆಸಬೇಕು ಎಂದು ಪಕ್ಕದವನ ಜೊತೆ ಮಾತಿಗೆ ಕೂರುತ್ತಿದ್ದ. ಒಳ್ಳೆಯ ಎಲೆ ಬಂದಾಗಲೂ ಅದೇ ಚಿಕೋರಿ. ಹಿಡಿಯಲೋ, ಪ್ಯಾಕ್ ಮಾಡಲೋ? ಅವನಷ್ಟೇ ಬಿಲ್ಲೆ ಹಾಕಿ ಎಲೆ ಬಿಚ್ಚಿಸುವುದಕ್ಕೆ ಹಿಡಿಯುವುದು, ಎಲೆ ಕೆಳಗಿಟ್ಟು ಸೋಲೊಪ್ಪುವುದಕ್ಕೆ ಪ್ಯಾಕ್ ಎನ್ನುತ್ತಿದ್ದೆವು. ನಾನು ಅವನ ಮುಖ, ಬೆರಳು, ಕಿವಿ ಎಲ್ಲ ನೋಡಿ, ಹಿಂದಿನ ವಾರಗಳ ಕಿತಾಪತಿಯನ್ನೆಲ್ಲ ನೆನಪಿಸಿಕೊಂಡು ಒದ್ದಾಡುತ್ತಿದ್ದೆ.

"ಏನ್ ಗುರು, ಯೋಚ್ನೆ ಮಾಡ್ತಿದೀಯಾ, ನಿದ್ದೆ ಮಾಡ್ತಿದೀಯಾ?" ಎನ್ನುತ್ತಿದ್ದ.

"ಬಾಯ್ಮುಚ್ಚೋ ಕಳ್ಳ ನನ್ಮಗನೆ," ಎಂದು ನಾನು ಹಿಡಿಯುತ್ತಿದ್ದೆ. ಅರ್ಧ ಸಲ ಸರಿ, ಅರ್ಧ ಸಲ ತಪ್ಪು. ಆ ಒದ್ದಾಟದ ಎರಡು ನಿಮಿಷಕ್ಕಾಗಿಯೇ ನಾನು ವಾರವೆಲ್ಲ ಕಾಯುತ್ತಿದ್ದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ನನ್ನ ಮಗಳು ಅವನ ಮಗನನ್ನು ಮದುವೆಯಾದಳು. ಮಕ್ಕಳೇ ಮೆಚ್ಚಿ ಒಪ್ಪಿಕೊಂಡದ್ದು. ನಮಗಿಬ್ಬರಿಗೂ ಸ್ವರ್ಗ ಮೂರೇ ಗೇಣು. ಆದರೆ ಮದುವೆಯ ಮರುದಿನವೇ ನನ್ನ ಹೆಂಡತಿ, "ಇನ್ಮೇಲೆ ಅವ್ರು ಗಂಡಿನ ಕಡೆಯವ್ರು ರೀ. ಆಟದಲ್ಲಿ ಕಿತ್ತಾಡ್ಕೊಂಡು ಬಂದು ಮಗಳ ಬಾಳಿಗೆ ಕಲ್ಲು ಹಾಕ್ಬೇಡಿ," ಎಂದಳು. ಅವಳ ಮೇಲೆ ತಪ್ಪು ಹೊರಿಸುವುದು ಸುಲಭ. ನಿಜ ಹೇಳಬೇಕೆಂದರೆ ಆ ಹುಳು ನನ್ನ ತಲೆಯಲ್ಲೇ ಇತ್ತು. ಹೆಣ್ಣು ಕೊಟ್ಟವನು ತಗ್ಗಿ ನಡೆಯಬೇಕು ಎಂದು ನಮ್ಮಪ್ಪ ತನ್ನ ಬೀಗರ ಮುಂದೆ ಬಗ್ಗಿ ನಿಂತದ್ದನ್ನು ನೋಡಿ ಬೆಳೆದವನು ನಾನು.

ಮುಂದಿನ ಭಾನುವಾರ ಅವನು ಬಿಲ್ಲೆ ತಳ್ಳಿದಾಗ ನಾನು ಪ್ಯಾಕ್ ಮಾಡಿದೆ. ಅದರ ಮುಂದಿನ ವಾರವೂ ಅಷ್ಟೇ. ಬೇರೆ ಮೂವರ ಜೊತೆ ಹಲ್ಲು ಕಚ್ಚಿ ಆಡುತ್ತಿದ್ದವನು ಅವನು ಬಿಲ್ಲೆ ಮುಟ್ಟಿದರೆ ಸಾಕು, ಎಲೆ ಕೆಳಗಿಡುತ್ತಿದ್ದೆ. "ತಗೊಳ್ಳಿ ಬೀಗ್ರೇ, ನಿಮ್ದೇ," ಎನ್ನುತ್ತಿದ್ದೆ. ಮೊದಮೊದಲು ಅವನು ನಕ್ಕ. ಆಮೇಲೆ ನಗುವುದು ನಿಂತಿತು, ಚಿಕೋರಿಯ ಮಾತೂ ನಿಂತಿತು. ನಾನು ಅದನ್ನು ಗಮನಿಸಿದರೂ ಬೀಗರಿಗೆ ಗಾಂಭೀರ್ಯ ಬಂದಿದೆ ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂದು ಭಾನುವಾರ ತಲೆಗೆರಡರಂತೆ ಎಲೆ ಹಂಚಿದಾಗ ನನ್ನ ಕೈಗೆ ಎರಡೂ ರಾಜವೇ ಬಂದವು. ಎಲ್ಲರಿಗೂ ಸೇರಿದ್ದೆಂದು ಮೇಜಿನ ಮೇಲೆ ಬಿಚ್ಚುವ ಐದು ಎಲೆಗಳಲ್ಲಿ ಇನ್ನೊಂದು ರಾಜ, ಎರಡು ಏಳು, ಉಳಿದೆರಡು ಲೆಕ್ಕಕ್ಕಿಲ್ಲದ ಚಿಕ್ಕ ಎಲೆ. ಮೂರು ರಾಜ, ಎರಡು ಏಳು! ಇಂಥ ಕೈ ನನಗೆ ವರ್ಷಕ್ಕೊಂದು ಬಂದರೆ ಹೆಚ್ಚು. ಉಳಿದ ಮೂವರೂ ಬಿಟ್ಟರು. ಅವನು ತನ್ನ ಬಿಲ್ಲೆಗಳಷ್ಟನ್ನೂ ಎರಡು ಕೈಯಿಂದ ಮಧ್ಯಕ್ಕೆ ತಳ್ಳಿ ಸುಮ್ಮನೆ ನನ್ನನ್ನೇ ನೋಡುತ್ತ ಕೂತ.

ನನ್ನನ್ನು ಸೋಲಿಸಬೇಕಾದರೆ ಉಳಿದ ಎರಡೂ ಏಳು ಅವನೊಬ್ಬನ ಕೈಯಲ್ಲೇ ಇರಬೇಕು. ಇಲ್ಲ ಎಂದು ನನಗೆ ಗೊತ್ತಿತ್ತು. ಎಲೆಯ ವಿಷಯದಲ್ಲಿ ಯೋಚಿಸುವುದೇನೂ ಇರಲಿಲ್ಲ. ಆದರೂ ಕೈ ಬಿಲ್ಲೆಯ ಕಡೆ ಹೋಗಲಿಲ್ಲ. ಎಲ್ಲರೆದುರು ಬೀಗರನ್ನು ಖಾಲಿ ಕೈಯಲ್ಲಿ ಮನೆಗೆ ಕಳಿಸುವುದೇ? ಸಂಜೆ ಆ ಮನೆಯಲ್ಲಿ ನನ್ನ ಮಗಳು ಅವನಿಗೆ ಕಾಫಿ ಕೊಡಬೇಕು. ಎಲೆಗಳನ್ನು ಮುಚ್ಚಿ ಕೆಳಗಿಟ್ಟೆ.

ಅವನು ಕೈ ಚಾಚಿ ನನ್ನ ಎಲೆಗಳನ್ನು ತಿರುಗಿಸಿದ. ಎರಡು ರಾಜ.

"ಇದನ್ನ ಬಿಟ್ಯಾ?" ಎಂದ.

"ನಿಮ್ಹತ್ರ ಏಳಿದೆ ಅಂದ್ಕೊಂಡೆ ಬೀಗ್ರೇ."

"ಸುಳ್ಳು ಬೇರೆ." ತನ್ನ ಎಲೆಗಳನ್ನೂ ತಿರುಗಿಸಿದ. ಒಂದು ಎರಡರ ಎಲೆ, ಇನ್ನೊಂದು ನಾಲ್ಕರದು. ಕಸ. "ನೀನು ಹಿಡೀತೀಯೋ ಇಲ್ವೋ ನೋಡೋಣ ಅಂತಾನೇ ಹಾಕ್ದೆ. ಮದುವೆ ಆದಾಗಿಂದ ನನ್ಗೆ ಅನುಮಾನ ಇತ್ತು. ಅಂಗಡೀಲಿ ಎಲ್ರೂ ನನ್ಗೆ ಹೂಂ ಅಂತಾರೆ, ಮನೇಲೂ ಹೂಂ ಅಂತಾರೆ. ಎದುರಾಡೋನು ಅಂತ ನೀನೊಬ್ಬ ಇದ್ದೆ." ಅವನ ದನಿ ಏರಲಿಲ್ಲ. ಏರಿದ್ದರೆ ನಾನು ಬಚಾವಾಗುತ್ತಿದ್ದೆ.

ಆಗಲಾದರೂ, ತಪ್ಪಾಯ್ತು ಕಣೋ, ಹಂಚು ಇನ್ನೊಂದು ಆಟ, ಎನ್ನಬಹುದಿತ್ತು. ಎರಡೇ ಮಾತು. ಅದರ ಬದಲು, ಬೀಗರಿಗೆ ಬೇಜಾರಾಯಿತೆಂದು ಮರ್ಯಾದೆಗೆ ಎದ್ದು ನಿಂತೆ.

ಮೂರು ಭಾನುವಾರ ಅವನು ಬರಲಿಲ್ಲ. ಫೋನ್ ಮಾಡಿದರೆ ಸ್ಟಾಕ್ ಬಂದಿದೆ ಎಂದ. ನಾಲ್ಕನೆಯ ವಾರ ತಡೆಯಲಾರದೆ ಚಾಮರಾಜಪೇಟೆಯ ಅವನ ಮನೆಗೇ ಹೋದೆ. ಚೆನ್ನಾಗಿ ಉಗಿಸಿಕೊಂಡು ಬರೋಣ ಎಂದೇ ಹೋದದ್ದು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತ. ಬೆಳ್ಳಿ ತಟ್ಟೆಯಲ್ಲಿ ಬಾದಾಮಿ ಹಲ್ವ, ಚೌಚೌ ಬಂತು. ನನ್ನ ಮೊಣಕಾಲು ನೋವಿನ ಬಗ್ಗೆ ಕೇಳಿದ, ಬಿಸಿಲಿನ ಬಗ್ಗೆ ಹೇಳಿದ. ನಾನು ಆಟದ ಮಾತೆತ್ತಿದೆ. "ಅಯ್ಯೋ, ಅದೆಲ್ಲ ಈಗೇನಕ್ಕೆ ಬಿಡಿ," ಎಂದು ಇನ್ನೊಂದು ತುಂಡು ಹಲ್ವ ಹಾಕಿದ.

ಹೊರಟಾಗ ಗೇಟಿನವರೆಗೂ ಬಂದು ತಾಂಬೂಲ ಕೊಟ್ಟು ಎರಡೂ ಕೈ ಮುಗಿದ. ಮೂವತ್ತು ವರ್ಷದಲ್ಲಿ ಅವನು ನನಗೆ ಕೈ ಮುಗಿದದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಅರಳಿತ್ತು. "ನೋಡಪ್ಪ, ಮಾವ ನಿಂಗೆ ಎಷ್ಟು ಮರ್ಯಾದೆ ಕೊಡ್ತಾರೆ," ಎಂದಳು.

ನಾನೂ ಕೈ ಮುಗಿದೆ.