ಮಿಸ್ತ್ರಿಯ ಮುಂದೆ ಕೆಡದ ಇಂಜಿನ್

"ಗುತ್ತೆಪ್ಪಗ ಇಂಜಿನ್ ಹೆದರತಾವ, ಹೇಣ್ತಿ ಹೆದರೂದಿಲ್ಲ" ಎಂದು ಶಿಗ್ಗಾಂವಿಯ ಓಣಿಯವರು ಆಡಿಕೊಳ್ಳುತ್ತಿದ್ದರು. ಎರಡೂ ಖರೆ ಮಾತು. ಎರಡನೆಯದಕ್ಕೆ ಹೆಂಡತಿ ಸಾವಂತ್ರವ್ವನೇ ಸಾಕ್ಷಿ. ಮೊದಲನೆಯದಕ್ಕೆ ಸುತ್ತ ಹಳ್ಳಿಯ ಹಿಟ್ಟಿನ ಗಿರಣಿಗಳೆಲ್ಲ ಸಾಕ್ಷಿ.

ಗುತ್ತೆಪ್ಪ ಇಂಜಿನ್ ಮಿಸ್ತ್ರಿ. ಕರೆಂಟು ಇನ್ನೂ ಹಳ್ಳಿಗಳ ಕಡೆ ಮುಖ ಹಾಕಿರದ ಕಾಲ ಅದು. ಜೋಳ ಬೀಸಬೇಕೆಂದರೂ ಬಾವಿಯ ನೀರೆತ್ತಬೇಕೆಂದರೂ ಢಗ್ ಢಗ್ ಅನ್ನುವ ಎಣ್ಣೆ ಇಂಜಿನ್ನೇ ಗತಿ. ಅದು ನಿಂತರೆ ಗುತ್ತೆಪ್ಪನೇ ಗತಿ. ಸಂತೆಯ ದಿನ ಮಾತ್ರ ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಅವತ್ತು ಸುತ್ತಿನ ಮಿಸ್ತ್ರಿಗಳು ಸಂತೆಗೆ ಬಂದವರು ಅವನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಸಾವಂತ್ರವ್ವ ಚಹಾ ಸೋಸಬೇಕು, ಅವರು ಹೊಟ್ಟೆಯೊಳಗಿನ ಸಿಟ್ಟು ಸೋಸಬೇಕು.

"ಏನ್ ಮಾಡೀರಪಾ ಇದಕ ಅಂತ ಕೇಳಿದ್ರ, ಏನೂ ಮಾಡಿಲ್ರಿ, ತಾನ ನಿಂತೈತಿ ಅಂತಾರ," ಎಂದು ಶುರು ಹಚ್ಚುತ್ತಿದ್ದ ಸವಣೂರಿನ ಅಲ್ಲಾಭಕ್ಷ. "ಬಿಚ್ಚಿ ನೋಡಿದ್ರ ಟಾಕ್ಯಾಗ ಸೇಂಗಾ ಎಣ್ಣಿ!"

"ನಿನ್ನ ಪುಣ್ಯಾ, ಎಣ್ಣಿಯರ ಇತ್ತು," ಅನ್ನುತ್ತಿದ್ದ ಹಿರೇಕೆರೂರ ಕಡೆಯ ಮಾಳಪ್ಪ. "ನನ್ನ ಕರಸಿದವರ ಬಾವ್ಯಾಗ ನೀರ ಇದ್ದಿದ್ದಿಲ್ಲ. ಇಂಜಿನ್ ಕೆಟ್ಟೈತಿ, ನೀರ ಬರವೊಲ್ದು ಅಂತಾರ. ಬಾವಿ ಒಣಗೇತ್ರಿ ಅಂದ್ರ, ಹಂಗಾರ ನೀ ಎಂಥಾ ಮಿಸ್ತ್ರಿ ಅಂದ್ರು!"

ಗುತ್ತೆಪ್ಪನ ಗೋಳು ಬೇರೆ. "ಗಿರಣಿ ಕೂಡಿಸಿ ಕೈ ತೊಳ್ಕೊಳ್ಳಾಕ ಬಿಡೂದಿಲ್ಲೋ. ಹಂಗ ಒಂದ್ ಖಾರಾ ಕುಟ್ಟೂದೂ ಹಚ್ಚಿಬಿಡ್ರಿ, ಇಂಜಿನ್ನಿಗೆ ಬರೇ ಒಂದ್ ಪಟ್ಟಾ ಹಾಕೂದಲ್ಲೇನ್ರಿ ಅಂತಾರ. ಅದನ್ನ ಹಚ್ಚಿದ್ರ, ಎಣ್ಣಿ ಗಾಣಕ್ಕೊಂದು ಅಂತಾರ. ಮೊನ್ನೆ ಒಬ್ಬಾಂವ, ಸೊಸಿ ಹಡದಾಳ್ರಿ, ತೊಟ್ಟಿಲಕ್ಕೂ ಒಂದ್ ಪಟ್ಟಾ ಎಳೀರಿ ಅಂದ!"

"ಆಡೂರಾಗಿಂದು ಹೇಳ್ರಲಾ," ಎಂದು ಸಾವಂತ್ರವ್ವ ಒಳಗಿನಿಂದಲೇ ಚುಚ್ಚುತ್ತಿದ್ದಳು.

ಅವನು ಹೇಳದಿದ್ದರೂ ಎಲ್ಲರಿಗೂ ಗೊತ್ತು. ಆಡೂರಿನಲ್ಲಿ ಒಂದು ಇಂಜಿನ್ ಬಿಚ್ಚಿ, "ಯಾವ ಕತ್ತೀ ಮಗ ಕಟ್ಟ್ಯಾನಿದನ್ನ? ಕೈಯಾಗ ಕಟ್ಟ್ಯಾನೋ ಕಾಲಾಗ ಕಟ್ಟ್ಯಾನೋ?" ಎಂದು ಉಣ್ಣುವ ಹೊತ್ತಿನತನಕ ಬೈದಿದ್ದ ಗುತ್ತೆಪ್ಪ. ಮಾಲಕ ತಾಳುವಷ್ಟು ತಾಳಿ, "ನೀವ ರೀ, ಹ್ವಾದ ವರ್ಷ" ಅಂದಿದ್ದ.

ಇಂಥ ಮನುಷ್ಯನಿಗೆ ಗಂಟುಬಿದ್ದದ್ದು ದುಂಡಸಿಯ ಕರಬಸಪ್ಪನ ಗಿರಣಿ. ಅದರ ರೋಗವೇ ಬೇರೆ. ಬೆಳಗಿನಿಂದ ಮೂರು ಸಲ ನಿಂತಿತು, ಲಗೂ ಬರ್ರಿ ಎಂದು ಕರೆ ಬರುತ್ತಿತ್ತು. ಗುತ್ತೆಪ್ಪ ನಟ್ಟು ಬಿಚ್ಚುವ ಪಾನಾ ತುಂಬಿದ ಚೀಲ ಹೊತ್ತು ಬಸ್ಸಿಳಿದರೆ, ಅಗಸಿಯತನಕ ಕೇಳುವ ಹಾಗೆ ಢಗ್ ಢಗ್ ಢಗ್!

"ಈಗ ನಿಂತಿತ್ರಿ ಮಿಸ್ತ್ರಿ, ಶಿವನಾಣಿ!" ಎಂದು ಕರಬಸಪ್ಪ ತಲೆ ತಲೆ ಬಡಿದುಕೊಳ್ಳುತ್ತಿದ್ದ. ಗುತ್ತೆಪ್ಪ ಬಿಚ್ಚುತ್ತಿದ್ದ, ಒರೆಸುತ್ತಿದ್ದ, ಕಟ್ಟುತ್ತಿದ್ದ. ಒಂದೆರಡು ನಟ್ಟು ಉಳಿಯುತ್ತಿದ್ದವು. ಅವಿಲ್ಲದೆಯೂ ಇಂಜಿನ್ ನಡೆಯುತ್ತಿತ್ತು. ಅವನ ಬಸ್ಸು ಊರು ದಾಟಿತೋ, ನಿಂತಿತು.

ಕೊನೆಗೆ ಕರಬಸಪ್ಪ, "ನೀವು ಹೋಗ್ರಿ, ನಿಮ್ಮ ಕೋಟು ಬಿಟ್ಟು ಹೋಗ್ರಿ" ಅಂದ. ಎಣ್ಣೆ ಕುಡಿದು ತಾನೇ ನಿಲ್ಲುವಂತಾಗಿದ್ದ ಆ ಕೋಟನ್ನು ಇಂಜಿನ್ನಿನ ಎದುರು ಗೂಟಕ್ಕೆ ತೂಗು ಹಾಕಿದರು. ನಡೆಯಿತು! ಮಳೆಗಾಲ ಪೂರ್ತಿ ನಡೆಯಿತು. ದೀಪಾವಳಿಗೆಂದು ಕರಬಸಪ್ಪನ ಹೆಂಡತಿ ಆ ಕೋಟನ್ನು ಒಗೆದು ಹಾಕಿದಳು ನೋಡಿ, ಇಂಜಿನ್ ನಿಂತಿತು.

ಆಗ ಕರಬಸಪ್ಪ ಗಿರಣಿಯ ಎದುರೇ ಒಂದು ಮನೆ ಬಿಟ್ಟುಕೊಟ್ಟು, ಗಂಡ ಹೆಂಡತಿಯನ್ನು ಪಾತ್ರೆ ಪಡಗದ ಸಮೇತ ಚಕ್ಕಡಿಯಲ್ಲಿ ತಂದಿಳಿಸಿದ.

"ಬೀಗತನಾ ಮಾಡಿದವರನ್ನೂ ಹಿಂಗ ಹೊತ್ಕೊಂಡ್ ಬರೂದಿಲ್ಲ," ಎಂದಳು ಸಾವಂತ್ರವ್ವ.

"ನಾಕ ದಿನಾ ಸಾವಂತ್ರಿ. ಅದು ಕೆಡ್ತೈತಿ, ನಾ ನೋಡತೇನಿ, ರಿಪೇರಿ ಮಾಡತೇನಿ, ನಮ್ಮ ಓಣಿಗೆ ಹೊಳ್ಳಿ ಹೋಗೂಣು."

ಆದರೆ ಅದು ಕೆಟ್ಟರಲ್ಲವೇ! ಅವನು ಎದುರು ಮನೆಯಲ್ಲಿ ಇರುವತನಕ ಅದಕ್ಕೆ ಕೆಮ್ಮಿಲ್ಲ ಕಫವಿಲ್ಲ. ಅವನು ಸಂತೆಗೆಂದು ಚೀಲ ಹಿಡಿದು ಬಸ್ಸಿನ ಕಡೆ ಹೆಜ್ಜೆ ಹಾಕಿದರೆ ಸಾಕು, "ಮಿಸ್ತ್ರಿ ಊರಿಗೆ ಹೊಂಟಾನ, ಲಗೂ ಬೀಸಿಸ್ಕೊಳ್ರೆ!" ಎಂದು ಓಣಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಓಡುತ್ತಿದ್ದರು. ಮದುವೆಯ ದಿನಗಳಲ್ಲಂತೂ ಅವನನ್ನು ಬಸ್ಸು ಹತ್ತಲಿಕ್ಕೇ ಬಿಡುತ್ತಿರಲಿಲ್ಲ. ಒಮ್ಮೆ ಹತ್ತಿ ಕುಳಿತವನನ್ನು ಯಂಕವ್ವ ಎಂಬ ಮುದುಕಿ ರಟ್ಟೆ ಹಿಡಿದು ಇಳಿಸಿ, "ನನ್ನ ಗೋದಿ ಅರ್ಧಾ ಬೀಸೇದ. ಹೋಗು, ಮನ್ಯಾಗ ಕುಂದ್ರು" ಎಂದು ಅಟ್ಟಿದ್ದಳು.

ಶಿಗ್ಗಾಂವಿಯ ಕಟ್ಟೆ ಖಾಲಿಯಾಯಿತು. ಅಲ್ಲಾಭಕ್ಷನೇ ಯಾವಾಗಾದರೊಮ್ಮೆ ದುಂಡಸಿಗೆ ಬಂದು ನಗುತ್ತಿದ್ದ. "ಗುತ್ತೆಪ್ಪಣ್ಣ, ಇಷ್ಟು ದಿನಾ ನೀ ಮಿಸ್ತ್ರಿ ಇದ್ದಿ. ಈಗ ಬಿಡಿ ಸಾಮಾನು ಆಗೀ. ಊಟಾ ಮಾಡೂ ಬಿಡಿ ಸಾಮಾನು!"

ಬೇರೆಯವರ ಮುಂದೆ ಗುತ್ತೆಪ್ಪನೂ ನಗುತ್ತಿದ್ದ. ಒಂದು ದಿನ ಹೆಂಡತಿಯ ಮುಂದೆ ಮಾತ್ರ ನಗಲಿಲ್ಲ. "ಒಮ್ಮೆರ ನನ್ನ ಕಣ್ಣ ಮುಂದ ಕೆಡ್ಲಿ. ಕೆಟ್ಟದ್ದು ಕಂಡ್ರ ತಿದ್ದಬಹುದು. ಕಾಣದ್ದನ್ನ ಹೆಂಗ ತಿದ್ದಲಿ, ಹೇಳು?"

ಸಾವಂತ್ರವ್ವ ಅವತ್ತು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನ ಮಾರಿ ನೋಡಿದಳು. ಎದ್ದು ಹೋಗಿ ಟ್ರಂಕಿನಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದಳು.

"ಉಟ್ಕೋರಿ."

"ಹುಚ್ಚ ಹಿಡೀತೇನ ನಿನಗ?"

"ಅದಕ ನಿಮ್ಮ ಮಾರಿ ಗುರ್ತೈತಿ. ನನ್ನ ಸೀರಿ ಗುರ್ತಿಲ್ಲ. ಹೆರಿಗಿ ನೋವು ಅಂದ್ರ ಗಂಡಸರನ್ನ ಕೋಣಿಯಿಂದ ಹೊರಗ ಕಳಸೂದಿಲ್ಲೇನು? ಹಂಗ ತಿಳ್ಕೋರಿ."

ಮೀಸೆ ತೆಗೆಯಲು ಮಾತ್ರ ಅವನು ಒಪ್ಪಲಿಲ್ಲ. ಸೆರಗನ್ನು ಮೂಗಿನತನಕ ಎಳೆದು, ಜೋಳದ ಬುಟ್ಟಿ ಹೊರಿಸಿ, ಹಿತ್ತಲ ದಾರಿಯಿಂದ ಕರೆದುಕೊಂಡು ಹೋದಳು. ಪಾಳಿಯಲ್ಲಿ ಕೂಡಿಸಿದಳು. ಯಂಕವ್ವ ಬಗ್ಗಿ ಬಗ್ಗಿ ನೋಡಿದಳು.

"ಯಾರವ್ವ ಇಕಿ? ಏನ್ ಎತ್ತರ ಅದಾಳ!"

"ನನ್ನ ನೆಗೆಣ್ಣಿ. ಹಾನಗಲ್ಲಿಂದ ಬಂದಾಳ. ಬಾಯಿ ಬರೂದಿಲ್ಲ ಪಾಪ."

"ಪಾದಾ ನೋಡಿದ್ರ ಎರಡ ಎತ್ತಿನ ಗಳೆ ಹೊಡದಂಗ ಅದಾವ."

ಹೊರಗೆ ಯಾರೋ, ಮಿಸ್ತ್ರಿ ಮನೆಯಲ್ಲಿಲ್ಲವೆಂದು ಕೂಗಿದರು. ಪಾಳಿಯಲ್ಲಿದ್ದವರು ತಮ್ಮ ತಮ್ಮ ಬುಟ್ಟಿ ಮುಂದೆ ನೂಕಿದರು. ಇಂಜಿನ್ ಒಮ್ಮೆ ತಡವರಿಸಿತು. ಢಗ್... ಢಗ್... ಢ... ಕೊಳವೆಯಿಂದ ಕರಿ ಹೊಗೆ ಬಂತು. ಸಾವಂತ್ರವ್ವ ಗಂಡನ ತೊಡೆ ಚಿವುಟಿ, ಸುಮ್ಮನಿರ್ರಿ ಎಂದು ಕಣ್ಣಲ್ಲೇ ಹೇಳಿದಳು. ಇನ್ನೊಂದು ಉಸಿರು ತಡೆದಿದ್ದರೆ ಆಗುತ್ತಿತ್ತು. ಆದರೆ ಬೇಟೆ ಕಂಡ ನಾಯಿ ಸುಮ್ಮನಿದ್ದೀತೇ?

"ಸಿಕ್ಕಿತ್ಲೇ ಮಗನ!" ಎಂದು ಗುತ್ತೆಪ್ಪ ಎದ್ದು ನಿಂತ. ಸೆರಗು ಜಾರಿತು. ಮೀಸೆ ಕಂಡಿತು. ಇಂಜಿನ್ ಮೈ ಕೊಡವಿದ ಕೋಣದ ಹಾಗೆ ಮತ್ತೆ ಢಗ್ ಢಗ್ ಢಗ್!

ಯಂಕವ್ವ ಒಂದಿಷ್ಟೂ ಗಾಬರಿಯಾಗಲಿಲ್ಲ. "ಬಾಯಿ ಬಂತಲ್ಲವ್ವ ನಿನ್ನ ನೆಗೆಣ್ಣಿಗೆ," ಎಂದು ತನ್ನ ಬುಟ್ಟಿ ಮುಂದೆ ಸರಿಸಿದಳು.

ಆಮೇಲೆ ಗುತ್ತೆಪ್ಪ ಆ ಮಾತು ಎತ್ತಲಿಲ್ಲ. ಬಾಗಿಲಲ್ಲಿ ಕುಳಿತು ಇಂಜಿನ್ನಿನ ಸದ್ದು ಕೇಳುತ್ತ ಮುದುಕನಾದ. ಊರಿಗೆ ಕರೆಂಟಿನ ಕಂಬಗಳು ಬರುತ್ತವಂತೆ ಎಂಬ ಸುದ್ದಿ ಹಬ್ಬಿದ ವರ್ಷ, ಒಂದು ಮುಂಜಾನೆ ಚಹಾದ ಬಟ್ಟಲು ಪಕ್ಕಕ್ಕಿಟ್ಟವನು ಮತ್ತೆ ಅದನ್ನು ಎತ್ತಿಕೊಳ್ಳಲಿಲ್ಲ.

ಅವನ ಹೆಣವನ್ನು ಪದ್ಧತಿಯಂತೆ ಬಿದಿರಿನ ವಿಮಾನ ಕಟ್ಟಿ ಅದರಲ್ಲಿ ಕೂಡಿಸಿದರು. ವಿಭೂತಿ ಹಚ್ಚಿ, ಹೂವು ಏರಿಸಿ, ಮಾರಿ ಬೀದಿಗೆ ಮಾಡಿ ಹೊಸ್ತಿಲಲ್ಲಿ ಇಟ್ಟರು. ಎದುರಿಗೇ ಗಿರಣಿ. ಹೆಣ ಏಳುವಾಗ ಗಿರಣಿ ನಿಲ್ಲಿಸುವುದು ಊರ ಮರ್ಯಾದೆ. ಕರಬಸಪ್ಪ ಕಣ್ಣೊರೆಸುತ್ತ ಹೋಗಿ ಎಣ್ಣೆ ಬರುವ ನಳ ತಿರುವಿ ಬಂದ್ ಮಾಡಿದ. ಇಂಜಿನ್ ನಿಲ್ಲಲಿಲ್ಲ. ಪಟ್ಟಾ ಕಳಚಿದ. ಬೀಸುವ ಕಲ್ಲು ನಿಂತಿತು, ಇಂಜಿನ್ ನಿಲ್ಲಲಿಲ್ಲ. ಭಜನೆಯವರ ತಾಳ ಅವರಿಗೇ ಕೇಳಿಸದಾಯಿತು. ಅಲ್ಲಾಭಕ್ಷ ಸವಣೂರಿನಿಂದ ಬಂದವನು ಒಳಗೆ ಹೋಗಿ, ಬೈದು, ಒದ್ದು, ಹೊರಗೆ ಬಂದ.

"ಟಾಕ್ಯಾಗ ಒಂದ್ ಹನಿ ಎಣ್ಣಿ ಇಲ್ಲ ವೈನಿ. ಹೆಂಗ ನಡದೈತಿ ಅಲ್ಲಾನ ಬಲ್ಲ."

ಸಾವಂತ್ರವ್ವ ಅಳುವುದನ್ನು ನಿಲ್ಲಿಸಿ ಎದ್ದಳು. ಒಳಗೆ ಹೋಗಿ ಹಸಿರು ಇಳಕಲ್ ಸೀರೆ ತಂದು, ಅದರ ಸೆರಗನ್ನು ಗಂಡನ ಮಾರಿಯ ಮೇಲೆ ಮೀಸೆ ಮುಚ್ಚುವ ಹಾಗೆ ಇಳಿಬಿಟ್ಟಳು. ಈ ಸಲ ಅವನು ಎದ್ದು ಕೂಗಲಿಲ್ಲ.

ಢಗ್... ಢಗ್... ಢ...

ಇಂಜಿನ್ ನಿಂತಿತು. ಸಾವಂತ್ರವ್ವ ಒಂದು ಗಳಿಗೆ ತಾಳಿದಳು. ಆಮೇಲೆ ಕಳ್ಳನ ಹೊದಿಕೆ ಎಳೆಯುವವರ ಹಾಗೆ ಫಕ್ಕನೆ ಸೆರಗು ತೆಗೆದಳು.

"ನೋಡ್ರಿ! ನಿಂತೈತಿ. ನಿಮ್ಮ ಕಣ್ಣ ಮುಂದ ನಿಂತೈತಿ. ಕಣ್ಣ ತುಂಬ ನೋಡ್ರಿ."

ಇಂಜಿನ್ ಮಿಸುಕಲಿಲ್ಲ. ಅಲ್ಲಾಭಕ್ಷ ಹೆಗಲ ಚೀಲದಿಂದ ಪಾನಾ ತೆಗೆದ. "ನೀ ನಡಿ ಗುತ್ತೆಪ್ಪಣ್ಣ," ಅಂದ, "ಇನ್ನ ಇದನ್ನ ನಾ ನೋಡತೇನಿ."

ಹೊರುವವರು ಹೆಗಲು ಕೊಟ್ಟರು. ತಾಳ ಕೇಳಿಸತೊಡಗಿತು. ಗುತ್ತೆಪ್ಪ ಹೊಸ್ತಿಲು ದಾಟಿದ. ಆ ದಿನ ಅವನನ್ನು ತಡೆಯಲಿಕ್ಕೆ ಬುಟ್ಟಿ ಹೊತ್ತು ಯಾರೂ ಓಡಿ ಬರಲಿಲ್ಲ.