ಓರ್ಲೀನಾಳ ಕಲ್ಲಿನ ಮೇಲೆ ನಾಲ್ಕು ಅಂಕಿ

ಡೆಲ್ಮರ್ ಗೇಹಾರ್ಟ್ ಹಾಡಲು ನಿಂತನೆಂದರೆ ಮೂರನೆಯ ಚರಣದಲ್ಲಿ ಅವನ ತಾಯಿ ಸಾಯುತ್ತಿದ್ದಳು. ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಒಮ್ಮೆ, ಸಂಜೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಇನ್ನೊಮ್ಮೆ. ಕೆಂಟಕಿಯ ಬೆಟ್ಟಗಾಡಿನಲ್ಲಿ ಆಕೆ ಸಾಯದೆ ಉಳಿದ ಊರು ಹುಡುಕಿದರೂ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ ನಿಜವಾದ ತಾಯಿ ಓರ್ಲೀನಾ ಟ್ರೇಸ್ ಫೋರ್ಕ್ ಕಣಿವೆಯ ತನ್ನ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಮಗ ಬಂದರೆ ಉಣ್ಣಲಿ ಎಂದು ಮೆಕ್ಕೆಜೋಳದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿಡುತ್ತಿದ್ದಳು.

ಹಾಡುಗಾರನಾಗುವ ಹುಚ್ಚು ಅವನಿಗೆ ಚಿಕ್ಕಂದಿನದು. ಕಣಿವೆಯ ಚರ್ಚಿನಲ್ಲಿ ವಾದ್ಯಕ್ಕೆ ಜಾಗವಿಲ್ಲ. ಹಿರಿಯನೊಬ್ಬ ಸಾಲು ಹೇಳಿಕೊಡುತ್ತಾನೆ, ಉಳಿದವರು ಅದನ್ನೇ ಎಳೆದು ಹಾಡುತ್ತಾರೆ. ಡೆಲ್ಮರ್ ಉಳಿದವರಿಗಿಂತ ಜಾಸ್ತಿಯೇ ಎಳೆಯುತ್ತಿದ್ದ. ಎಲ್ಲರೂ ಮುಗಿಸಿ ಕುಳಿತ ಮೇಲೂ ಅವನ ದನಿಯೊಂದು ಮಾಡಿನ ತೊಲೆಗಳ ನಡುವೆ ಅಲೆಯುತ್ತಿತ್ತು. "ದೇವರಿಗೆ ಕಿವಿ ಕೇಳ್ಸುತ್ತೆ ಕಣೋ, ಅಷ್ಟು ಎಳೀಬೇಡ," ಎಂದು ಓರ್ಲೀನಾ ಅವನ ತೋಳು ಚಿವುಟುತ್ತಿದ್ದಳು. ದೊಡ್ಡವನಾದ ಮೇಲೆ ಅವನು ಅಂಗಡಿಗಳಿಗೆ ಬ್ರೆಡ್ಡು ಹಾಕುವ ಲಾರಿ ಓಡಿಸತೊಡಗಿದ. ವಾರದ ಕೊನೆಗೆ ಗಿಟಾರು ಹೆಗಲಿಗೇರಿಸಿಕೊಂಡು ಊರೂರು ಸುತ್ತುತ್ತಿದ್ದ.

ಆದರೆ ಈ ಹಾಡುಗಾರಿಕೆಗೆ ಕಂಠವೊಂದಿದ್ದರೆ ಸಾಲದು, ಕಷ್ಟವೂ ಬೇಕು. ಡೆಲ್ಮರ್‌ಗೆ ಕೊರತೆಯಿದ್ದದ್ದೇ ಕಷ್ಟದ್ದು. ರೈಲಿನ ಮೇಲೆ ಹಾಡು ಕಟ್ಟಿದ, ರೈಲು ಹತ್ತಿದವನಲ್ಲ. ಜೈಲಿನ ಮೇಲೆ ಕಟ್ಟಿದ. ಜೈಲಿಗೆ ಹೋದದ್ದು ಬ್ರೆಡ್ಡು ಇಳಿಸಲಿಕ್ಕೆ. ವಿಸ್ಕಿಯ ಮೇಲೆ ಕಟ್ಟಿದ. ಅರ್ಧ ಬಾಟಲಿ ಬಿಯರಿಗೇ ಅವನಿಗೆ ಎದೆಯುರಿ ಬರುತ್ತಿತ್ತು. ಕಲ್ಲಿದ್ದಲಿನ ಧೂಳು ಎದೆಗೆ ಸೇರಿ ಅಪ್ಪ ಸತ್ತದ್ದೇನೋ ನಿಜ. ಆದರೆ ಆ ಸೀಮೆಯಲ್ಲಿ ಹಾಗೆ ಸತ್ತ ಅಪ್ಪನಿಲ್ಲದ ಹಾಡುಗಾರನೇ ಇರಲಿಲ್ಲ. ಅಪ್ಪನ ಹಾಡು ಶುರುವಾದರೆ ಜನ ಎದ್ದು ಹಾಟ್‌ಡಾಗ್ ತರಲು ಹೋಗುತ್ತಿದ್ದರು.

ಅವನಿಗೆ ಕಾರ್ಯಕ್ರಮ ಗೊತ್ತು ಮಾಡಿಕೊಡುತ್ತಿದ್ದ ಬಾಯ್ಡ್ ಎಂಬಾತ ಒಂದು ದಿನ ಎದುರಿಗೆ ಕೂರಿಸಿಕೊಂಡು ಕೇಳಿದ.

"ಹೆಂಡತಿ ಬಿಟ್ಟು ಹೋಗಿದ್ದಾಳೇನೋ?"

"ಮದ್ವೆನೇ ಆಗಿಲ್ವಲ್ಲ."

"ನಾಯಿ?"

"ಚೆನ್ನಾಗಿದೆ."

"ಅಮ್ಮ?"

"ಅಮ್ಮನೂ ಗಟ್ಟಿಮುಟ್ಟಾಗಿದ್ದಾಳೆ."

"ಅದೇ ನೋಡು ತೊಂದರೆ," ಎಂದು ಬಾಯ್ಡ್ ನಿಟ್ಟುಸಿರು ಬಿಟ್ಟ.

ಆ ವಾರವೇ ಡೆಲ್ಮರ್ ತಾಯಿಯನ್ನು ಕೊಂದ. ಹಾಡಿನಲ್ಲಿ ಮಗ ಊರೂರು ಹಾಡುತ್ತ ಅಲೆಯುತ್ತಾನೆ. ಹಲಗೆಯ ಮೇಲೆ ಬಿಸ್ಕೆಟ್ಟಿನ ಹಿಟ್ಟು ನಾದಿಟ್ಟು ತಾಯಿ ದಾರಿ ಕಾಯುತ್ತಾಳೆ. ಅವನು ಬಂದಾಗ ಹಿಟ್ಟು ಇದೆ, ತಾಯಿ ಇಲ್ಲ. ಮೊದಲ ಸಲ ಹಾಡಿದಾಗಲೇ ಮುಂದಿನ ಸಾಲಿನಲ್ಲಿ ಒಬ್ಬ ಗಣಿ ಕೆಲಸಗಾರ ಟೋಪಿಯಿಂದ ಮುಖ ಮುಚ್ಚಿಕೊಂಡ. ಹಾಟ್‌ಡಾಗ್ ತರಲು ಒಬ್ಬರೂ ಏಳಲಿಲ್ಲ.

ಓರ್ಲೀನಾ ಅದನ್ನು ರೇಡಿಯೋದಲ್ಲಿ ಕೇಳಿದಳು. ಮಗ ಮನೆಗೆ ಬಂದಾಗ, "ಸತ್ತೋಳು ಯಾರೋ?" ಎಂದಳು.

"ಹಾಡಿನ ಅಮ್ಮ ಅಮ್ಮಾ. ನೀನಲ್ಲ."

"ಓಹೋ. ಮತ್ತೆ ಅವಳು ನನ್ನ ನೀಲಿ ಏಪ್ರನ್ ಯಾಕೆ ಹಾಕ್ಕೊಂಡಿದ್ಲು?"

ಡೆಲ್ಮರ್ ಬ್ರೆಡ್ಡಿನಿಂದ ಬಾಯಿ ತುಂಬಿಸಿಕೊಂಡ. ಹಾಡಿನಿಂದ ಮಗನಿಗೆ ಒಳ್ಳೆಯದಾಗುವುದಾದರೆ ಒಂದು ಏಪ್ರನ್ ಹೋದರೆ ಹೋಗಲಿ ಎಂದು ಓರ್ಲೀನಾ ಸುಮ್ಮನಾದಳು.

ಅವನು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಿಳಿ ಲಿಲ್ಲಿ ಹೂಗಳ ಕಸೂತಿಯ ಕರಿ ಸೂಟು ಹೊಲಿಸಿದ. ಹಾಡಿಗೆ ಮುಂಚೆ ಟೋಪಿಯನ್ನು ಎದೆಗೊತ್ತಿಕೊಂಡು, "ಅಮ್ಮ ಈಗ ನಮ್ಮ ಗುಡ್ಡದ ಮೇಲೆ, ಅಪ್ಪನ ಪಕ್ಕದಲ್ಲಿ..." ಎಂದು ಹೇಳಿ ಗಂಟಲು ಕಟ್ಟಿದವನಂತೆ ತಡೆಯುತ್ತಿದ್ದ. ಆ ತಡೆಯನ್ನು ಅವನು ಹಾಡಿಗಿಂತ ಹೆಚ್ಚು ಅಭ್ಯಾಸ ಮಾಡಿದ್ದ. ಕಾರ್ಯಕ್ರಮ ಮುಗಿದರೆ ಹೆಂಗಸರು ಸಾವಿನ ಮನೆಗೆ ಕೊಡುವ ಹಾಗೆ ಕೋಳಿ, ನೂಡಲ್ಸು, ಚೀಸು ಹಾಕಿ ಬೇಯಿಸಿದ ಪಾತ್ರೆಗಳನ್ನು ತಂದು ಅವನ ಕೈಗಿಡುತ್ತಿದ್ದರು. ಅವನು ಮನೆಗೊಯ್ದರೆ ಓರ್ಲೀನಾ ತನ್ನ ಸಾವಿನ ಊಟವನ್ನು ತಾನೇ ರುಚಿ ನೋಡಿ, "ಉಪ್ಪು ಸಾಲದು. ನಾನು ಇನ್ನೂ ಒಳ್ಳೆ ಊಟಕ್ಕೆ ಲಾಯಕ್ಕು," ಎನ್ನುತ್ತಿದ್ದಳು.

ತೊಂದರೆ ಬಂದದ್ದು ಓಹಾಯೋದಿಂದ. ಬೆಟ್ಟ ಬಿಟ್ಟು ಅಲ್ಲಿನ ಕಾರ್ಖಾನೆಗಳಿಗೆ ಹೋದವರೆಲ್ಲ ಮೇ ತಿಂಗಳ ಕೊನೆಯ ಭಾನುವಾರ ಊರಿಗೆ ಬಂದು, ತಮ್ಮವರ ಸಮಾಧಿ ತೊಳೆದು, ಹೂವಿಟ್ಟು, ಅಲ್ಲೇ ಊಟ ಮಾಡಿ ಹೋಗುವುದು ವಾಡಿಕೆ. ಆ ವರ್ಷ ಜುವೆಲ್ ಎಂಬಾಕೆ ಡೆಲ್ಮರ್‌ನ ಅಭಿಮಾನಿ ಹೆಂಗಸರನ್ನೆಲ್ಲ ಸೇರಿಸಿ ಒಂದು ಬಸ್ಸು ಹೊರಡಿಸಿದಳು. ಅವನ ತಾಯಿಯ ಸಮಾಧಿಗೆ ಹೂವಿಡಬೇಕಂತೆ.

ಸಮಾಧಿ ಕಲ್ಲೇನೋ ಇತ್ತು. ಗಂಡ ಸತ್ತಾಗ ಓರ್ಲೀನಾ ಕಣಿವೆಯ ಎಲ್ಲರ ಹಾಗೆ ಇಬ್ಬರಿಗೂ ಸೇರಿ ಒಂದೇ ಕಲ್ಲು ನೆಡಿಸಿದ್ದಳು. ಗಂಡನ ಹೆಸರು, ಹುಟ್ಟು, ಸಾವು. ಪಕ್ಕದಲ್ಲಿ ತನ್ನ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ. ಅದರ ಮುಂದೆ ಖಾಲಿ. ಆ ಖಾಲಿ ಜಾಗ ಅವಳ ಸ್ವಂತ ಆಸ್ತಿ. ಡೆಲ್ಮರ್ ಕಲ್ಲು ಕೆತ್ತುವವನ ಬಳಿ ಹೋಗಿ ವರ್ಷ ತುಂಬಿಸಿಕೊಡು ಎಂದ. "ನಿನ್ನೆ ತಾನೇ ಓರ್ಲೀನಾ ಅತ್ತೆ ನಮ್ಮನೇಲಿ ಕೂತು ಪೈ ತಿಂದು ಹೋಗಿದ್ದಾಳಲ್ಲೋ. ಮೊದಲು ಅವಳನ್ನ ಕೇಳ್ಕೊಂಡು ಬಾ," ಎಂದು ಆತ ಉಳಿ ಒಳಗಿಟ್ಟ. ಡೆಲ್ಮರ್ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅಂಚೆಪೆಟ್ಟಿಗೆಗೆ ಮನೆ ನಂಬರು ಅಂಟಿಸುವ ಹೊಳೆಯುವ ಅಂಕಿಗಳನ್ನು ತಂದು, ಗುಡ್ಡ ಹತ್ತಿ, ಅಡ್ಡಗೆರೆಯ ಮುಂದೆ ಸಾವಿನ ವರ್ಷವಾಗಿ ನಾಲ್ಕು ಅಂಕಿ ಅಂಟಿಸಿದ. ಒಂಬತ್ತು ಸ್ವಲ್ಪ ಸೊಟ್ಟಗಾಯಿತು.

"ಈ ಭಾನುವಾರ ನೀನು ಯಾರಾದ್ರೂ ನೆಂಟರ ಮನೆಗೆ ಹೋಗಿರಮ್ಮ," ಎಂದ ತಾಯಿಗೆ. "ಗುಡ್ಡ ಹತ್ತೋದು ನಿನ್ನ ಮೊಣಕಾಲಿಗೆ ಒಳ್ಳೇದಲ್ಲ."

"ನಿಮ್ಮಪ್ಪನ ಕಲ್ಲು ಯಾರು ತೊಳೀತಾರೆ?"

"ನಾನು ತೊಳೀತೀನಿ."

"ನೀನು ತಟ್ಟೆ ತೊಳೆದದ್ದೇ ನಾನು ನೋಡಿಲ್ಲ," ಎಂದಳು ಓರ್ಲೀನಾ. ಗಂಡ ಹೋದಾಗಿನಿಂದ ಅವಳು ಆ ಭಾನುವಾರ ತಪ್ಪಿಸಿದವಳಲ್ಲ. ಮಗನ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಹುರುಳಿಕಾಯಿ ಬಿಡಿಸತೊಡಗಿದಳು.

ಭಾನುವಾರ ಬಸ್ಸು ಬಂತು. ಹೆಂಗಸರು ಏದುಸಿರು ಬಿಡುತ್ತ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೂಗಳಿಂದ ಕಲ್ಲಿನ ಬುಡವನ್ನೆಲ್ಲ ಮುಚ್ಚಿದರು. ಕರಿ ಸೂಟಿನ ಡೆಲ್ಮರ್ ಗಿಟಾರು ಮೀಟಿ ಹಾಡತೊಡಗಿದ. ಮೂರನೆಯ ಚರಣ ಬಂತು. ತಾಯಿ ಸಾಯುವ ಸಾಲಿಗೆ ಸರಿಯಾಗಿ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಬ್ರಷ್ಷು ಹಿಡಿದು, ನೀಲಿ ಏಪ್ರನ್ ಕಟ್ಟಿಕೊಂಡ ಓರ್ಲೀನಾ ಗುಡ್ಡ ಹತ್ತಿ ಬಂದಳು.

ಜುವೆಲ್ ಕಣ್ಣೊರೆಸಿಕೊಳ್ಳುತ್ತ, "ತೀರ್ಕೊಂಡವರು ನಿಮಗೆ ಗೊತ್ತಿದ್ರಾ ತಾಯಿ?" ಎಂದು ಕೇಳಿದಳು.

"ಸುಮಾರಾಗಿ ಗೊತ್ತು," ಎಂದಳು ಓರ್ಲೀನಾ. "ಒಳ್ಳೆ ಹೆಂಗಸು. ಮಗನನ್ನ ಮಾತ್ರ ಸ್ವಲ್ಪ ಸಡಿಲ ಬಿಟ್ಲು."

ಅವಳು ಕಲ್ಲಿನ ಮುಂದೆ ಮಂಡಿಯೂರಿ ಕೂತು ಅಂಕಿಗಳನ್ನು ನೋಡಿದಳು. ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹಾಡು ನಿಂತುಹೋಯಿತು. ಎಲ್ಲರೂ ಡೆಲ್ಮರ್‌ನ ಮುಖ ನೋಡಿದರು. ಓರ್ಲೀನಾ ಕೂಡ ತಿರುಗಿ ನೋಡಿದಳು. ಅವನು ಒಂದೇ ಒಂದು ಮಾತು ಹೇಳಬೇಕಿತ್ತು.

"ಇವರು," ಎಂದ ಡೆಲ್ಮರ್. "ಇವರು ನಮ್ಮ ಚಿಕ್ಕಮ್ಮ. ಅಮ್ಮನ ತಂಗಿ."

"ಅದಕ್ಕೇ ನೋಡಿ ಹಾಡಿನ ಏಪ್ರನ್ನೇ ಹಾಕ್ಕೊಂಡಿದ್ದಾರೆ!" ಎಂದು ಜುವೆಲ್ ಗೋಳೋ ಎಂದು ಅಳುತ್ತ ಓರ್ಲೀನಾಳನ್ನು ತಬ್ಬಿಕೊಂಡಳು. ಬಸ್ಸಿನ ಅಷ್ಟೂ ಜನ ಸಾಲಾಗಿ ಬಂದು ತಬ್ಬಿಕೊಂಡರು. ಓರ್ಲೀನಾ ಎಲ್ಲರಿಗೂ ಬೆನ್ನು ತಟ್ಟಿ ಸಮಾಧಾನ ಹೇಳಿ, ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು.

"ಅಕ್ಕ ಸಾಯೋವಾಗ ನನ್ನ ಹತ್ರ ಒಂದು ಆಸೆ ಹೇಳ್ಕೊಂಡಿದ್ಲು," ಎಂದಳು. "ನನ್ನ ಮಗ ಈ ಹಾಡನ್ನ ನನ್ನ ಕಲ್ಲಿನ ಮುಂದೆ ಒಂದೇ ಒಂದು ಸಲ ಹಾಡಲಿ. ಆಮೇಲೆ ಜನ್ಮದಲ್ಲಿ ಮತ್ತೆ ಹಾಡಬಾರದು, ಅಂತ."

ಹೆಂಗಸರು ಹೋ ಎಂದು ಅತ್ತರು. "ಆಣೆ ಮಾಡಪ್ಪಾ ಡೆಲ್ಮರ್," ಎಂದಳು ಜುವೆಲ್. "ಹೆತ್ತೋಳ ಕೊನೆ ಆಸೆ!" ಸತ್ತ ತಾಯಿಯ ಮಾತು ಮೀರುವಂತಿಲ್ಲ, ಬದುಕಿದ್ದಾಳೆ ಎನ್ನುವಂತೆಯೂ ಇಲ್ಲ. ಡೆಲ್ಮರ್ ಕಲ್ಲಿನ ಖಾಲಿ ಜಾಗದ ಮೇಲೆ ಕೈಯಿಟ್ಟು ಆಣೆ ಮಾಡಿದ.

ಓಹಾಯೋದ ಹೆಂಗಸರು ಆಣೆಯನ್ನು ಅವನಿಗಿಂತ ಚೆನ್ನಾಗಿ ಕಾಪಾಡಿದರು. ಎಲ್ಲಿಯಾದರೂ ಆ ಹಾಡಿನ ಮೊದಲ ತಂತಿ ಮಿಡಿದರೆ ಸಾಕು, ಯಾರಾದರೊಬ್ಬರು ಎದ್ದು, "ಅಮ್ಮನ ಆಣೆ!" ಎಂದು ಕೂಗುತ್ತಿದ್ದರು. ಅಪ್ಪನ ಹಾಡಿಗೆ ಜನ ಮತ್ತೆ ಹಾಟ್‌ಡಾಗ್ ತರಲು ಎದ್ದರು. ಬಾಯ್ಡ್ ಬೇರೆ ಹಾಡುಗಾರನನ್ನು ಹಿಡಿದ. ಆತನ ಹೆಂಡತಿ ನಿಜವಾಗಿಯೂ ಓಡಿಹೋಗಿದ್ದಳು. ಡೆಲ್ಮರ್ ಬ್ರೆಡ್ಡಿನ ಲಾರಿಯಲ್ಲೇ ಉಳಿದ.

ಅದನ್ನೂ ಅವನು ಸಹಿಸಿದನೇನೋ. ಸಹಿಸಲಾಗದ್ದು ಮನೆಯೊಳಗಿತ್ತು. "ಅಮ್ಮಾ" ಎಂದರೆ ಓರ್ಲೀನಾ ತಿರುಗಿಯೂ ನೋಡುತ್ತಿರಲಿಲ್ಲ.

"ಅವಳು ಗುಡ್ಡದ ಮೇಲಿದ್ದಾಳಲ್ಲಪ್ಪಾ," ಎನ್ನುತ್ತಿದ್ದಳು. "ನಾನು ಚಿಕ್ಕಮ್ಮ. ಬೀನ್ಸು ಬಡಿಸ್ಲಾ?"

ಊಟಕ್ಕೆ ಕಡಿಮೆಯಿಲ್ಲ. ಆದರೆ ನೆಂಟರಿಗೆ ಇಡುವ ಒಳ್ಳೆಯ ತಟ್ಟೆಯಲ್ಲಿ ಬಡಿಸುತ್ತಿದ್ದಳು, ಅದೇ ಅವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಲ್ಲಿನಿಂದ ಕಿತ್ತ ಅಂಕಿಗಳನ್ನು ಅವಳು ಮನೆಯ ಅಂಚೆಪೆಟ್ಟಿಗೆಗೆ ಅಂಟಿಸಿದ್ದಳು. ಕೆಲಸ ಮುಗಿಸಿ ಬರುವಾಗಲೆಲ್ಲ ತಾಯಿ ಸತ್ತ ವರ್ಷ ಸೊಟ್ಟ ಒಂಬತ್ತಿನ ಸಮೇತ ಬಾಗಿಲಲ್ಲೇ ಅವನನ್ನು ಎದುರುಗೊಳ್ಳುತ್ತಿತ್ತು.

ಮರುವರ್ಷದ ಮೇ ಭಾನುವಾರ ಬಸ್ಸು ಮತ್ತೆ ಬಂತು. ಈ ಸಲ ಹೆಂಗಸರು ಚಿಕ್ಕಮ್ಮನಿಗೆಂದು ಊಟದ ಪಾತ್ರೆಗಳನ್ನೂ ಹೊತ್ತು ತಂದಿದ್ದರು. ಡೆಲ್ಮರ್ ಸೂಟು ಹಾಕಿರಲಿಲ್ಲ. ಟೋಪಿ ತೆಗೆದ, ಎದೆಗೊತ್ತಿಕೊಳ್ಳಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ.

"ಇವಳು ಚಿಕ್ಕಮ್ಮ ಅಲ್ಲ," ಎಂದ. "ನಮ್ಮಮ್ಮ. ಸತ್ತೇ ಇಲ್ಲ. ನಾನೇ ಸುಳ್ಳು ಹೇಳ್ದೆ. ಹೊಟ್ಟೆಪಾಡಿಗೆ ಅಂತಲೂ ಅಲ್ಲ, ನೀವೆಲ್ಲ ಅಳ್ತೀರಿ ಅಂತ ಹೇಳ್ದೆ."

ಈ ಸಲ ಅವನ ಗಂಟಲು ನಿಜವಾಗಿಯೂ ಕಟ್ಟಿತು. ಅಭ್ಯಾಸ ಮಾಡಿದಷ್ಟು ಚೆನ್ನಾಗಿ ಬರಲಿಲ್ಲ.

ಜುವೆಲ್ ಕೆನ್ನೆಗೆ ಕೈ ಹಚ್ಚಿಕೊಂಡು, "ಅಯ್ಯೋ ಪಾಪ! ದುಃಖ ತಲೆಗೇರಿಬಿಟ್ಟಿದೆ ಹುಡುಗನಿಗೆ!" ಎಂದಳು. ಎಲ್ಲರೂ ಅವನನ್ನು ಸುತ್ತುಗಟ್ಟಿ ತಲೆ ಸವರಿದರು. ಒಬ್ಬಾಕೆ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಜುವೆಲ್ ಓರ್ಲೀನಾಳನ್ನು ಪಕ್ಕಕ್ಕೆ ಕರೆದು, "ಹೇಗಿದ್ರೂ ಅಕ್ಕನ ಮಗ. ನೀವೇ ಅಮ್ಮ ಅನ್ನಿಸ್ಕೊಂಡುಬಿಡಿ ತಾಯಿ. ಅವನ ಸಮಾಧಾನಕ್ಕೆ," ಎಂದು ಪಿಸುಗುಟ್ಟಿದಳು.

ಓರ್ಲೀನಾ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೋಡೋಣ," ಎಂದಳು. "ಬಿಟ್ಟು ಒಂದು ವರ್ಷ ಆಯ್ತು, ಅಭ್ಯಾಸ ಆಗ್ಬೇಕು." ಖಾಲಿ ಬಕೆಟ್ಟನ್ನು ಅವನ ಕಡೆ ನೂಕಿದಳು. "ಹೋಗೋ, ನೀರು ತಗೊಂಬಾ. ನಿಮ್ಮಪ್ಪನ ಕಡೆ ಇನ್ನೂ ತೊಳೆದಿಲ್ಲ."

"ಆಯ್ತಮ್ಮಾ..."

"ಕೇಳಿಸ್ತು ಕಣೋ," ಎಂದಳು ಓರ್ಲೀನಾ. "ಅಷ್ಟು ಎಳೀಬೇಡ."